ಮೂಳೆ ಮುಟ್ಟಿದ ಕೈ

ಮಗಳು ನರ್ಸಿಂಗ್ ಸೇರಿದ ಹೊಸದರಲ್ಲಿ ನಮ್ಮತ್ತೆ ಬಂದವರ ಮುಂದೆಲ್ಲ ಆಡಿಕೊಳ್ಳೋರು. "ನರ್ಸಮ್ಮಂಗೆ ಸೂಜಿ ಚುಚ್ಚಕ್ಕೆ, ಬೆಡ್‌ಪ್ಯಾನ್ ಎತ್ತಕ್ಕೆ ಬಂದ್ರೆ ಸಾಲದಾ? ಕೆಮಿಸ್ಟ್ರಿ ಯಾಕಂತೆ, ಕಣ್ಣಿಗೆ ಕಾಣದ ಹುಳದ ಪಾಠ ಯಾಕಂತೆ?" ಅನಾಟಮಿ ತರಗತಿಯಲ್ಲಿ ನಿಜವಾದ ಮೂಳೆ ಕೈಗೆ ಕೊಡುತ್ತಾರೆ ಅಂತ ಹುಡುಗಿ ಬಾಯಿಬಿಟ್ಟ ದಿನದಿಂದ ಆ ನಗುವೂ ಹೋಯಿತು. ಕಾಲೇಜಿಂದ ಬಂದವಳು ಹಿತ್ತಲಲ್ಲಿ ತಲೆಗೆ ನೀರು ಹಾಕಿಕೊಂಡೇ ಒಳಗೆ ಬರಬೇಕು. ಮಿಂದು ಬಂದರೂ ಅಜ್ಜಿಯನ್ನು ಮುಟ್ಟುವಂತಿಲ್ಲ. "ಯಾರ ಮನೆ ಹೆಣವೋ, ಏನು ಜಾತಿಯೋ" ಅನ್ನೋರು.

ಅತ್ತೆಗೆ ಬಹಳ ವರ್ಷದ ಸಕ್ಕರೆ ಕಾಯಿಲೆ. ಬೇಸಿಗೆಯಲ್ಲಿ ದೇವಸ್ಥಾನದ ಸುಡುಗಲ್ಲಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಿ ಅಂಗಾಲಿಗೆ ಬೊಬ್ಬೆ ಎದ್ದಿತು. ಅರಿಶಿನ ಮೆತ್ತಿ, ಯಾರೂ ಮುಟ್ಟದ ಹಾಗೆ ಎತ್ತರದ ಬಿದಿರು ಗಳುವಿನ ಮೇಲೆ ಒಣಗಿಸಿದ ಮಡಿಬಟ್ಟೆ ಹರಿದು ಕಟ್ಟಿಕೊಂಡರು. ಅದಕ್ಕಿಂತ ಶುದ್ಧ ಇನ್ಯಾವುದಿದೆ ಅಂತ ಅವರ ನಂಬಿಕೆ.

ಆಮೇಲೆ ವಾಸನೆ ಬರತೊಡಗಿತು. ಮಗಳು ಬಾಗಿಲಲ್ಲೇ ನಿಂತು ಕೇಳಿದಳು, "ಅಜ್ಜಿ, ಯಾರೂ ಮುಟ್ಟಿಲ್ಲ ಅಂದ್ರೆ ಬಟ್ಟೇಲಿ ಕ್ರಿಮಿ ಇಲ್ಲ ಅಂತಲ್ಲ. ಒಂದ್ಸಲ ಬಿಚ್ಚಿ ನೋಡ್ಲಾ?"

"ನೋವೇ ಇಲ್ಲ ಕಣೇ. ವಾಸಿ ಆಗ್ತಿದೆ."

"ನೋವಿಲ್ದಿರೋದೇ ಕೆಟ್ಟದ್ದು. ಸಕ್ಕರೆ ನರಾನ ಸಾಯಿಸಿಬಿಡುತ್ತೆ, ಅದಕ್ಕೇ ನಿಮಗೆ ಗೊತ್ತಾಗ್ತಿಲ್ಲ."

"ನನ್ನ ನರ ಸತ್ತಿದೆಯಂತೆ! ಹೆಣ ಮುಟ್ಟೋಳಿಗೆ ಎಲ್ಲರೂ ಹೆಣವೇ ಕಾಣ್ತಾರೆ."

ನಮ್ಮವರು ಮಗಳನ್ನೇ ಗದರಿದರು. "ಇನ್ನೂ ಮೊದಲನೇ ವರ್ಷ, ಆಗಲೇ ಡಾಕ್ಟರಮ್ಮನಾ? ಅಮ್ಮನ್ನ ಹೆದರಿಸಬೇಡ."

ಜ್ವರ ಏರಿ ಎಚ್ಚರ ತಪ್ಪಿದ ಮೇಲೆಯೇ ಅತ್ತೆಯನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋಗಿದ್ದು. ಮೊಣಕಾಲಿನ ಕೆಳಗೆ ಕಾಲು ತೆಗೆದರು. ಜೀವ ಉಳಿಯಿತು. ಮೊಣಕಾಲನ್ನೂ ಉಳಿಸಿಕೊಟ್ಟಳು ಬೆಟ್ಟದ ತಾಯಿ, ಇಲ್ಲ ಅನ್ನಬಾರದು.

ಮನೆಗೆ ಬಂದ ಮೇಲೆ ಗಾಯ ತೊಳೆದು ಕಟ್ಟುವುದು ಯಾರು? ನಮ್ಮವರು ಒಂದು ಸಲ ನೋಡಿ ಹೊರಗೆ ಹೋದವರು ಮತ್ತೆ ಆ ಕೋಣೆಗೆ ಕಾಲಿಡಲಿಲ್ಲ. ನನ್ನಿಂದಲೂ ಆಗಲಿಲ್ಲ. ಮಗಳೇ ಕೂತಳು. ಅತ್ತೆ ಬೇಡ ಅನ್ನಲಿಲ್ಲ. ಅವಳು ಹತ್ತಿ ಒತ್ತಿ, ಪಟ್ಟಿ ಸುತ್ತುವುದನ್ನು ನೋಡುತ್ತ ಮಲಗಿದ್ದವರು ನಿಧಾನವಾಗಿ ಅಂದರು:

"ಎಲ್ಲಾ ಗೊತ್ತಿತ್ತು ನಿನಗೆ. ಬಲವಂತವಾಗಿ ಬಿಚ್ಚಬಾರದಿತ್ತೇನೇ? ಮುದುಕಿ ಕಾಲು ಹೋಗಲಿ ಅಂತ ಬಾಗಿಲಲ್ಲಿ ನಿಂತು ಕಾಯ್ತಿದ್ದೆ ನೀನು."

ಹುಡುಗಿಯ ಮುಖ ಸಿಟ್ಟಿಗೆ ಕೆಂಪೇರಿತು. ಆ ಸಿಟ್ಟಲ್ಲೂ ಪಟ್ಟಿಯನ್ನು ಒಂದಿಷ್ಟೂ ಬಿಗಿ ಎಳೆಯಲಿಲ್ಲ. ದೇವರು ನನಗೆ ತೋರಿಸಿದ ದಯೆಗಳಲ್ಲಿ ಅದನ್ನೂ ಸೇರಿಸಿಕೊಂಡಿದ್ದೇನೆ.