ಮೊಮ್ಮಗಳ ಕೇಸು

ಕ್ಯಾಲಿಫೋರ್ನಿಯಾದ ಡೆಲ್ ಮಾರ್‌ನ ದಿವಾಕರ ರಾಯರು ಎಂಬತ್ತರ ದಶಕದಲ್ಲಿ ಅಮೆರಿಕಾ ತಂಡಕ್ಕೆ ಕ್ರಿಕೆಟ್ ಆಡಿದವರು ಎಂದರೆ ಮೈಸೂರಿನ ನೆಂಟರೇ ನಂಬುತ್ತಿರಲಿಲ್ಲ. "ಅಲ್ಲಿ ಯಾರಪ್ಪ ಆಡ್ತಾರೆ?" ಎನ್ನುತ್ತಿದ್ದರು. ಆಡುವವರಿಲ್ಲದ್ದಕ್ಕೇ ತನಗೆ ಜಾಗ ಸಿಕ್ಕಿದ್ದು ಎಂದು ರಾಯರೂ ನಗುತ್ತಿದ್ದರು. ಆಮೇಲೆ ಕಾನೂನು ಓದಿ ಲಾಸ್ ಏಂಜಲೀಸ್‌ನಲ್ಲಿ ಜಡ್ಜಾದರು. ಜಡ್ಜಿನ ಚಾಳಿ ಮನೆಯಲ್ಲೂ ಬಿಡಲಿಲ್ಲ. ಸಾರಿಗೆ ಉಪ್ಪು ಸರಿಯಿದೆಯಾ ಎಂದು ಹೆಂಡತಿ ಲೀಲಾ ಕೇಳಿದರೆ ಎರಡು ಸಲ ರುಚಿ ನೋಡಿ ತೀರ್ಪು ಕಾಯ್ದಿರಿಸುತ್ತಿದ್ದರು. ಅಷ್ಟರಲ್ಲಿ ಸಾರು ಆರಿರುತ್ತಿತ್ತು.

ನಿವೃತ್ತರಾದ ಮೇಲೆ ಭಾನುವಾರದ ಪಂದ್ಯಗಳಿಗೆ ಅಂಪೈರಾದರು. 2023ರ ಬೇಸಿಗೆಯಲ್ಲಿ ಚಾಟ್ಸ್‌ವರ್ತ್‌ನಲ್ಲಿ ಹುಡುಗಿಯರ ತಂಡಕ್ಕೆ ಆಯ್ಕೆ ಪಂದ್ಯ ನಡೆಯಿತು. ಅದಕ್ಕೂ ರಾಯರೇ ಅಂಪೈರು. ಮೊಮ್ಮಗಳು ಮೇದಿನಿಯೂ ಆಡುವವಳಿದ್ದಳು. ತಾತನ ಹಾಗೆ ಅಮೆರಿಕಾ ತಂಡ ಸೇರಬೇಕೆಂಬುದು ಅವಳ ಆಸೆ. ಅದಕ್ಕಿಂತ ಒಂದು ಕೈ ಹೆಚ್ಚು ತಾತನ ಆಸೆ.

ಅವಳು ಬ್ಯಾಟು ಹಿಡಿದು ಬಂದದ್ದೇ ತಡ, ರಾಯರು ಮೈದಾನದಿಂದ ಹೊರಟೇಬಿಟ್ಟರು. ಜೊತೆಯ ಅಂಪೈರ್ ಸಂಗಮೇಶ, ಹುಬ್ಬಳ್ಳಿಯ ಹುಡುಗ, ಗಾಬರಿಯಾದ.

"ಅಂಕಲ್, ಎಲ್ಲಿಗ್ ಹೊಂಟ್ರಿ? ಆಟ ನಡದೈತ್ರಿ."

"ಮೊಮ್ಮಗಳ ಕೇಸು ನಾನು ಕೇಳೋ ಹಾಗಿಲ್ಲಪ್ಪ. ನೀನೇ ನೋಡ್ಕೋ."

ಬೌಂಡರಿ ಹೊರಗೆ ಲೀಲಾ ಪಕ್ಕದ ಕುರ್ಚಿಯಲ್ಲಿ ಕೂತರು. ಮೇದಿನಿ ಚೆನ್ನಾಗಿಯೇ ಆಡುತ್ತಿದ್ದಳು. ಅಷ್ಟರಲ್ಲಿ ಒಂದು ಚೆಂಡು ಅವಳ ಬ್ಯಾಟಿನ ಅಂಚಿನಲ್ಲೇ ಹಾದು ಕೀಪರ್ ಕೈ ಸೇರಿತು. ಎದುರಾಳಿಗಳೆಲ್ಲ ಔಟ್ ಎಂದು ಕೂಗಿದರು. ಆಟದಲ್ಲೂ ಕೋರ್ಟಿನಲ್ಲೂ ಒಂದು ದಿನವೂ ದನಿ ಎತ್ತದಿದ್ದ ರಾಯರು ಕುರ್ಚಿ ಬೀಳಿಸಿಕೊಂಡು ಎದ್ದರು.

"ನಾಟ್ ಔಟ್! ತಾಗೇ ಇಲ್ಲ!"

"ರೀ, ಕೂತ್ಕೊಳ್ಳಿ. ಜನ ನೋಡ್ತಿದಾರೆ," ಎಂದು ಲೀಲಾ ಅಂಗಿ ಜಗ್ಗಿದರು.

ಸಂಗಮೇಶನಿಗೂ ತಾಗಿದ್ದು ಕಂಡಿರಲಿಲ್ಲ. ನಾಟ್ ಔಟ್ ಎಂದು ತಲೆಯಾಡಿಸಿದ. ಮೇದಿನಿ ಮಾತ್ರ ಬ್ಯಾಟು ಕಂಕುಳಲ್ಲಿಟ್ಟುಕೊಂಡು ಹೊರಗೆ ನಡೆದು ಬಂದಳು.

"ಯಾಕೆ ಬಂದೆ ಪುಟ್ಟಾ? ಅವನು ಔಟ್ ಕೊಡಲಿಲ್ವಲ್ಲ."

"ಐ ನಿಕ್ಡ್ ಇಟ್, ತಾತ. ಬ್ಯಾಟಿಗೆ ತಾಗಿತ್ತು," ಎಂದು ಹೇಳಿ ಪ್ಯಾಡ್ ಬಿಚ್ಚತೊಡಗಿದಳು.

ಆಯ್ಕೆಯಾದವರೆಂದು ಸಂಜೆ ಓದಿದ ಹೆಸರುಗಳಲ್ಲಿ ಅವಳದಿರಲಿಲ್ಲ. ವಾಪಸ್ ಬರುವಾಗ ಮೇದಿನಿ ಹಿಂದಿನ ಸೀಟಿನಲ್ಲಿ ನಿದ್ದೆ ಹೋದಳು.

"ಅಲ್ಲೇ ನಿಂತಿದ್ದಿದ್ರೆ ನೀವು ಏನ್ ಕೊಡ್ತಿದ್ರಿ?" ಎಂದು ಲೀಲಾ ಮೆಲ್ಲಗೆ ಕೇಳಿದರು.

"ನಾಟ್ ಔಟ್ ಕೊಡ್ತಿದ್ದೆ ಕಣೆ," ಎಂದರು ರಾಯರು. "ಸರಿಯಾಗೇ ಕೊಟ್ಟೆ ಅಂತ ಸಾಯೋವರೆಗೂ ನಂಬಿರ್ತಿದ್ದೆ."