ಎಡಗಡೆಯ ಗೂಡು

ಅಕ್ಕನ ಮಂಚ ಹಾಕಲು ಆ ಕೋಣೆಯಲ್ಲಿ ಒಂದೇ ಜಾಗವಿತ್ತು. ಬಾಗಿಲ ಕಡೆ ಹಾಕಿದರೆ ಗಾಲಿಕುರ್ಚಿ ತಿರುಗುವುದಿಲ್ಲ, ಕಿಟಕಿ ಕಡೆ ಹಾಕಿದರೆ ಬಿಸಿಲು. ಉಳಿದದ್ದು ಹಳೆಯ ಗೋಡೆ. ನಮ್ಮ ಮಾಂಬಳ್ಳಿ ಮನೆಯಲ್ಲಿ ಇನ್ನೂ ಮಣ್ಣಿನದಾಗಿ ಉಳಿದಿರುವುದು ಅದೊಂದೇ. ಮೇಲೆ ಸಿಮೆಂಟು ಬಳಿದು ಬಣ್ಣ ಹೊಡೆದಿರುವುದರಿಂದ ನೋಡಿದರೆ ತಿಳಿಯುವುದಿಲ್ಲ. ಎಸಿಯನ್ನು ಅದೇ ಗೋಡೆಗೆ, ಮಂಚದ ತಲೆದೆಸೆಯ ಮೇಲೆ ಹಾಕಿಸೋಣ ಎಂದವನು ನಾನು. ಹೊರಗಿನ ಯಂತ್ರಕ್ಕೆ ಪೈಪು ಹತ್ತಿರವಾಗುತ್ತದೆ ಎಂಬುದು ನನ್ನ ಲೆಕ್ಕ.

ಅಕ್ಕ ಕೌದಳ್ಳಿ ರಸ್ತೆಯಲ್ಲಿ ಸ್ಕೂಟರಿನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡಿದ್ದಳು. ಎದೆಯಿಂದ ಕೆಳಗೆ ಅವಳಿಗೆ ಏನೂ ತಿಳಿಯುವುದಿಲ್ಲ, ಬೆವರುವುದೂ ಇಲ್ಲ. ಮೈ ತನ್ನ ಶಾಖವನ್ನು ತಾನೇ ಕಾಯ್ದುಕೊಳ್ಳಲಾರದು, ಕೋಣೆಯೇ ಕಾಯಬೇಕು ಎಂದಿದ್ದರು ಡಾಕ್ಟರು. ಬೇಸಿಗೆಯಲ್ಲಿ ಮೈ ಕಾದ ಹೆಂಚು, ಚಳಿಯಲ್ಲಿ ತುಟಿ ನೀಲಿ. ಅದಕ್ಕೇ ಬಿಸಿಗಾಳಿ, ತಣ್ಣನೆ ಗಾಳಿ ಎರಡನ್ನೂ ಬೀಸುವ ಯಂತ್ರ ತಂದೆವು. ಆದರೆ ಹನ್ನೆರಡು ಕೆಜಿಯ ಆ ಪೆಟ್ಟಿಗೆ ಮೇಲಿನಿಂದ ಬಿದ್ದರೆ ಅವಳು ಪಕ್ಕಕ್ಕೆ ಹೊರಳುವಂತಿಲ್ಲ. ಇದು ನನಗೆ ಗೊತ್ತಿತ್ತೆ? ಗೊತ್ತಿತ್ತು ಎಂದು ಈಗ ಬರೆಯುತ್ತೇನೆ. ಆಗ ನನ್ನ ತಲೆಯಲ್ಲಿ ಪೈಪಿತ್ತು.

ಕೊಳ್ಳೇಗಾಲದಿಂದ ಫಿಟ್ಟರ್ ಬಂದಾಗ ಕರೆಂಟ್ ಇರಲಿಲ್ಲ ಎಂದು ಬರೆಯಲು ಹೊರಟಿದ್ದೆ. ಪ್ಲಗ್ಗಿಗೆ ಸಿಕ್ಕಿಸಿದ ಡ್ರಿಲ್ ತಿರುಗಿತಲ್ಲ, ಹಾಗಾದರೆ ಇತ್ತು. ಅಕ್ಕನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಬಾಗಿಲ ಬಳಿ ನಿಲ್ಲಿಸಿದ್ದೆವು. ಅವನು ಸ್ಕ್ರೂಡ್ರೈವರಿನ ಹಿಡಿಯಿಂದ ಗೋಡೆ ಬಡಿದು ಕಿವಿಗೊಟ್ಟ.

"ಸಾ, ಇದು ಮಣ್ಗೋಡೆ ಕಣ್ಸಾ. ಒಳಕ್ಕೆ ಗೂಡುಗೀಡು ಮುಚ್ಚವ್ರಾ?"

ದೀಪ ಇಡುವ ಗೂಡೊಂದಿತ್ತು. ನಾನು ಸಣ್ಣವನಿದ್ದಾಗ ಅಜ್ಜಿ ಅದನ್ನು ಮುಚ್ಚಿಸಿದ್ದಳು.

"ಎಡಗಡೆ ಇತ್ತು. ಬಲಗಡೆ ಗಟ್ಟಿ, ಕೊರೀರಿ," ಎಂದೆ.

"ಬಲಗಡೆನೇ ಕಣ್ಲಾ ಗೂಡಿದ್ದುದ್ದು," ಅಂದಳು ಅಕ್ಕ. "ನನ್ ರಿಬ್ಬನ್ನು ಅದ್ರೊಳ್ಗೇ ಮಡುಗ್ತಿದ್ದೆ."

"ಇಲ್ಲ ಅಕ್ಕ, ಎಡಕ್ಕೆ. ಅದ್ರ ಬಗ್ಗೆ ನಾನು ಬರ್ದೂ ಇದೀನಿ."

"ಬರ್ದಿದ್ದೀಯಾ? ಅಂಗಾರೆ ಗೋಡೆ ಬಂದು ನಿನ್ ಪುಸ್ತಕ ಓದ್ಲಿ ಬುಡು."

ಫಿಟ್ಟರ್ ನಕ್ಕ. "ಇಬ್ರೂ ಮಾತಾಡ್ಕಂಡು ಒಂದ್ಕಡೆ ಏಳಿ. ಎರ್ಡೂ ಕಡೆ ತೂತ ಕೊರ್ದ್ರೆ ಜರಡಿ ಆಯ್ತದೆ."

ಕೊನೆಗೆ ನನ್ನ ಮಾತೇ ನಡೆಯಿತು. ಬಲಗಡೆ ಕೊರೆದ. ಮೊದಲು ಸಿಮೆಂಟಿನ ಬೂದು ಪುಡಿ, ಆಮೇಲೆ ಕೆಮ್ಮಣ್ಣು. ಹೆಂಚಿಗೆ ತಾಗಿದಂತೆ ಒಂದು ಸದ್ದು. ತಕ್ಷಣ ಡ್ರಿಲ್ ಹಿಡಿತವೇ ಇಲ್ಲದೆ ಒಳಕ್ಕೆ ನುಗ್ಗಿತು, ಫಿಟ್ಟರನ ಮುಷ್ಟಿ ಗೋಡೆಗೆ ಬಡಿಯಿತು. ಅವನು ಹೊರಗೆಳೆದ. ತೂತಿನಿಂದ ಭತ್ತ ಸುರಿಯತೊಡಗಿತು. ಕಪ್ಪಾದ, ಹುಳ ತಿಂದ, ಬರೀ ಹೊಟ್ಟಾಗಿದ್ದ ಭತ್ತ, ಅಕ್ಕನ ದಿಂಬಿನ ಮೇಲೆ.

ನಮ್ಮ ಮನೆಯಲ್ಲಿ ಗೂಡನ್ನು ಬರಿದಾಗಿ ಮುಚ್ಚುತ್ತಿರಲಿಲ್ಲ. ದೀಪ ಇದ್ದ ಜಾಗ ಹಸಿದಿರಬಾರದೆಂದು ಭತ್ತ ತುಂಬಿ, ಹೆಂಚಿನ ಚೂರು ಅಡ್ಡವಿಟ್ಟು, ಮಣ್ಣು ಮೆತ್ತುತ್ತಿದ್ದರು. ಅಜ್ಜಿ ತುಂಬಿದ್ದನ್ನು ಹುಳಗಳು ಇಷ್ಟು ವರ್ಷ ತಿಂದು ಒಳಗೆ ಟೊಳ್ಳು ಮಾಡಿದ್ದವು.

"ಸಾ, ಇದ್ಕೆ ಬೋಲ್ಟ್ ಆಕಿದ್ರೂ ಕೂತ್ಕತಿತ್ತು," ಎಂದ ಫಿಟ್ಟರ್. "ಎಳುದ್ರೂ ಬತ್ತಿರ್ಲಿಲ್ಲ. ಮಿಷಿನ್ನು ನಡುಗ್ತಾ ನಡುಗ್ತಾ ಹೆಂಚು ಸಡಿಲ ಆಗಿ, ಒಂದಿನ..." ಮಂಚ ನೋಡಿ ನಿಲ್ಲಿಸಿದ.

"ನನ್ ಮೊಕುದ್ ಮ್ಯಾಲೆ," ಎಂದು ಅಕ್ಕ ಮುಗಿಸಿದಳು. "ಏಳು, ನಾಚ್ಕಬ್ಯಾಡ."

ನಾನು ಭತ್ತ ಬಳಿದೆ. ಈಗಲೂ ಕಣ್ಣು ಮುಚ್ಚಿದರೆ ಗೂಡು ಎಡಕ್ಕೇ ಇದೆ, ದೀಪ ಸಹಿತ. ನಾನು ಗೋಡೆಗೆ ತಲೆ ಇಟ್ಟು ಮಲಗುತ್ತಿದ್ದೆ, ಅಕ್ಕ ಕಾಲು ಚಾಚಿ, ಆದ್ದರಿಂದ ಅವಳ ಬಲ ನನಗೆ ಎಡ ಎಂದು ವಿವರಿಸಬಹುದು. ಈ ವಿವರಣೆ ಬಹಳ ಚೆನ್ನಾಗಿ ಕೂರುತ್ತದೆ. ಅದಕ್ಕೇ ನಂಬಲಾರೆ.

ಯಂತ್ರವನ್ನು ಬಾಗಿಲು ಕಿಟಕಿಗಳ ನಡುವಿನ ಇಟ್ಟಿಗೆ ಗೋಡೆಗೆ, ಮಂಚದಿಂದ ದೂರಕ್ಕೆ ಹಾಕುವುದೆಂದಾಯಿತು. ಪೈಪು ಉದ್ದವಾಯಿತು. ಗೋಡೆಯೊಳಗೆ ವೈರು ಎಲ್ಲಿ ಹೋಗಿದೆ ಎಂದು ಫಿಟ್ಟರ್ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅವನೇ ಸ್ವಿಚ್ಚಿನ ಡಬ್ಬಿ ಬಿಚ್ಚಿ ನೋಡಿ, ಮೇನ್ ಆಫ್ ಮಾಡಿಸಿ, ಬ್ಯಾಟರಿಯ ಡ್ರಿಲ್ಲಿನಿಂದ ಕೊರೆದ. ಕಬ್ಬಿಣದ ಪ್ಲೇಟು ಕೂರಿಸಿದ ಮೇಲೆ ಅಕ್ಕ, "ಜೋತ್ ಬೀಳು ನೋಡವ," ಎಂದಳು. ಅವನು ಜೋತುಬಿದ್ದ.

"ಅವ್ನು ಕಡ್ಡಿ ಇದ್ದಂಗವ್ನೆ. ನೀನ್ ಬೀಳ್ಲಾ."

ನಾನೂ ಜೋತುಬಿದ್ದೆ. ಪ್ಲೇಟು ಅಲುಗಲಿಲ್ಲ.

"ಇಳೀರಿ ಸಾ, ಉಯ್ಯಾಲೆ ಅಲ್ಲ ಅದು," ಎಂದ ಫಿಟ್ಟರ್.

ಯಂತ್ರಕ್ಕೆ ಮೀಟರ್ ಬೋರ್ಡಿನಿಂದ ಬೇರೆಯದೇ ಲೈನು ಎಳೆದು ಅರ್ತ್ ಕೊಟ್ಟ. ಒಳಗಿನ ತಟ್ಟೆಗೆ ಒಂದು ಲೋಟ ನೀರು ಸುರಿದ. ಅದು ಗೋಡೆಗೆ ಇಳಿಯದೆ ಪೈಪಿನಲ್ಲಿ ಹೊರಗೆ ತೊಟ್ಟಿಕ್ಕುವವರೆಗೂ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕಾದ. ಆಮೇಲೆ, ಚಳಿಯ ದಿನಗಳಾದ್ದರಿಂದ ಬಿಸಿಗಾಳಿ ಹಾಕಿ, ಅದು ನೇರ ಅವಳ ಮೈಗೆ ಬೀಸದಂತೆ ರೆಕ್ಕೆ ತಿರುಗಿಸಿಟ್ಟು ಹೋದ.

ಅಕ್ಕ ಮಂಚದಲ್ಲಿದ್ದಳು. ಕೋಣೆ ನಿಧಾನ ಬೆಚ್ಚಗಾಯಿತು. ನಾನು ಹೊದಿಕೆಯೊಳಗೆ ಕೈ ಹಾಕಿ ಅವಳ ಪಾದ ಮುಟ್ಟಿದೆ.

"ಎಂಗದೆ ನನ್ ಕಾಲು?"

"ಬೆಚ್ಚಗಿದೆ."

"ನಿಜ್ವಾಗ್ಲೂನಾ, ಇಲ್ಲ ಬರೀತಿದ್ದೀಯಾ?"

ನನ್ನ ಅಂಗೈಯೇ ಬೆಚ್ಚಗಿತ್ತೇನೋ. ಎದ್ದು ಹೋಗಿ ಥರ್ಮಾಮೀಟರ್ ತಂದು ಅವಳ ನಾಲಗೆಯ ಕೆಳಗಿಟ್ಟೆ. ಅದು ಕೂಗಿದಾಗ ಅಂಕಿಯನ್ನು ಓದಿ ಹೇಳಲು ಹೋಗಲಿಲ್ಲ. ಅವಳಿಗೆ ಕಾಣುವಂತೆ ಕಣ್ಣಿನ ಮುಂದೆ ಹಿಡಿದೆ.