ಅರಿಶಿನ ದಾರ ಕಟ್ಟಿದ ನವಿಲುಜುಟ್ಟು

ಬಿಳಿಯರು ಇನ್ನೂ ಗಂಟುಮೂಟೆ ಕಟ್ಟದಿದ್ದ ಕಾಲ ಅದು. ನಮ್ಮ ಉದ್ದನಪಲ್ಲಿಯಲ್ಲಿ ಬೇಸಿಗೆ ಎಂದರೆ ಬಂಡೆಯ ಮೇಲೆ ಕುಂಟೆಬಿಲ್ಲೆ, ಮಡಿಲ ತುಂಬ ಹುರಿದ ಹುರುಳಿಕಾಳು, ಕಾದ ಕಲ್ಲಿನ ವಾಸನೆ. ಇದನ್ನೆಲ್ಲ ನೆನೆಯುವಾಗ ನಡುವೆ ನುಸಿಗುಳಿಗೆಯ ವಾಸನೆಯೂ ನುಗ್ಗುತ್ತದೆ. ಇವತ್ತಿಗೂ ಮೂಗು ಮುಚ್ಚಿಕೊಳ್ಳುತ್ತೇನೆ.

ಆ ಬಂಡೆಯ ಸೀಳುಗಳಲ್ಲಿ ನವಿಲುಜುಟ್ಟು ಇತ್ತು. ಗೇಣುದ್ದವೂ ಇಲ್ಲದ ಜರಿಗಿಡ. ಬಿಸಿಲಿಗೆ ಸುರುಟಿಕೊಂಡು ಸತ್ತ ಹಾಗೆ ಬಿದ್ದಿರುತ್ತಿತ್ತು. ಒಂದು ಮಳೆ ಬಿದ್ದರೆ ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತಿತ್ತು. ನಮ್ಮಜ್ಜಿ ಅದರ ಎಲೆಯನ್ನು ಮಕ್ಕಳ ನಾಯಿಕೆಮ್ಮಿಗೆ ಅರೆದು ಕೊಡುತ್ತಿದ್ದಳು. ಕೀಳುವ ಹಿಂದಿನ ದಿನ ಬುಡಕ್ಕೆ ಅರಿಶಿನದ ದಾರ ಕಟ್ಟಿ, "ನಾಳೆ ಬತ್ತೀನಿ ಕಣವ್ವ" ಎಂದು ಗಿಡಕ್ಕೆ ಹೇಳಿ ಬರಬೇಕು. ದಾರವಿದ್ದ ಗಿಡವನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಬೇರನ್ನಂತೂ ಅಜ್ಜಿಯೂ ಕೀಳುತ್ತಿರಲಿಲ್ಲ.

ನನಗೆ ಒಂಬತ್ತು ವರ್ಷವಿದ್ದಾಗ, ಯಾವುದೋ ಸಂಗ್ರಹಾಲಯಕ್ಕೆ ಗಿಡ ಒಣಗಿಸಿ ಕೊಡುವವನೊಬ್ಬ ಮದರಾಸಿನ ಕಡೆಯಿಂದ ಬಂದು ಚಾವಡಿಯಲ್ಲಿ ಇಳಿದ. ಮೈಯೆಲ್ಲ ನುಸಿಗುಳಿಗೆ ವಾಸನೆ. ನಮ್ಮ ಮನೆಯ ಮುದ್ದೆ, ಬಸ್ಸಾರು ಉಂಡು ಕೈ ತೊಳೆದು, ಅಜ್ಜಿಗೆ ನವಿಲುಜುಟ್ಟಿನ ಚಿತ್ರ ತೋರಿಸಿದ.

"ಮಳೆ ಬಂದ್ಮ್ಯಾಕೆ ಬನ್ನಿ ಸಾಮಿ. ಈಗ ಎಲ್ಲ ಸತ್ತೋಗದೆ" ಎಂದಳು ಅಜ್ಜಿ.

"ಪರವಾಯಿಲ್ಲ ಪಾಟ್ಟಿ, ನಾಳೆ ನಾನೇ ಹುಡುಕ್ತೀನಿ."

ಅವನು ಕಿತ್ತುಕೊಂಡು ಹೋಗುತ್ತಾನೆಂದು ನನಗೆ ಗೊತ್ತಾಯಿತು. ಅಜ್ಜಿಯ ದಾರದುಂಡೆ ಕದ್ದು ಸಂಜೆ ಬಂಡೆಗೆ ಓಡಿದೆ. ಯಾವ ಸೀಳಿನಲ್ಲಿ ಯಾವ ಗಿಡವೆಂದು ನನಗೆ ಬಾಯಿಪಾಠ. ಒಂದನ್ನೂ ಬಿಡದೆ ಕಟ್ಟಿದೆ, ಮೂರು ಸುತ್ತು ಸುತ್ತಿ, ಸಡಿಲವಾಗದ ಗಂಟು ಹಾಕಿ. ದಾರ ಕಂಡ ಮೇಲೆ ಯಾರಾದರೂ ಕೈ ಹಾಕುತ್ತಾರೆಯೇ ಎಂದು ನಿಶ್ಚಿಂತೆಯಿಂದ ಮಲಗಿದೆ.

ಅವನು ಕೈ ಹಾಕಿದ. ಕಲ್ಲಿನ ಬಣ್ಣಕ್ಕೇ ತಿರುಗಿದ್ದ ಆ ಗಿಡಗಳು ಅವನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ನನ್ನ ಹಳದಿ ದಾರ ಒಂದೊಂದನ್ನೂ ತೋರಿಸಿಕೊಟ್ಟಿತು. ಬೆಳಿಗ್ಗೆ ನಾನು ಬಂಡೆಗೆ ಹೋದಾಗ ಉಳಿಯಿಂದ ಮೀಟಿ, ಬೇರು ಸಮೇತ ಕಿತ್ತು, ಹಳೇ ಪೇಪರಿನ ನಡುವೆ ಅದುಮುತ್ತಿದ್ದ.

"ದಾರ ಕಟ್ಟೀವ್ನಿ, ಮುಟ್ಬಾರ್ದು" ಎಂದು ಅಳುತ್ತ ಕೂಗಿದೆ.

"ನೀನಾ ಕಟ್ಟಿದ್ದು? ನಲ್ಲ ಪೊಣ್ಣು" ಎಂದು, ಒಳ್ಳೆ ಹುಡುಗಿಯೆಂದು ತಮಿಳಿನಲ್ಲಿ ಮೆಚ್ಚಿ, ತಲೆ ಸವರಿದ. ಸೀಗೆಪುಡಿ ಹಾಕಿ ಉಜ್ಜಿದರೂ ಆ ಕೈಯ ವಾಸನೆ ಕೂದಲಿಂದ ಹೋಗಲಿಲ್ಲ. ಬಾವಿಕಟ್ಟೆಯಲ್ಲಿ ವಾಂತಿ ಮಾಡಿಕೊಂಡೆ. ಅವನ ಮೇಲೆ ಎಷ್ಟು ಹೇಸಿಗೆಯಾಯಿತೋ, ನನ್ನ ಕೈಗಳ ಮೇಲೂ ಅಷ್ಟೇ ಆಯಿತು.

ಅಜ್ಜಿ ನನ್ನನ್ನು ಬಯ್ಯಲಿಲ್ಲ. ಖಾಲಿ ಸೀಳುಗಳಲ್ಲಿ ಬೆರಳಾಡಿಸಿ, "ಬೇರಾದ್ರೂ ಬುಟ್ಟೋಗ್ಬಾರ್ದಿತ್ತಾ, ಹಾಳಾದೋನು" ಎಂದಳು. ಆ ವರ್ಷದ ಮಳೆಗೆ ಬಂಡೆಯ ಮೇಲೆ ಏನೂ ಬಿಚ್ಚಿಕೊಳ್ಳಲಿಲ್ಲ. ಮರುವರ್ಷವೂ ಇಲ್ಲ. ಕೆಮ್ಮುವ ಮಗು ಎತ್ತಿಕೊಂಡು ಬಂದವರನ್ನು ಅಜ್ಜಿ ಬರಿಗೈಯಲ್ಲಿ ಕಳಿಸುತ್ತಿದ್ದಳು.

ಈಚೆಗೆ ಸಸ್ಯಶಾಸ್ತ್ರ ಓದುವ ಮೊಮ್ಮಗಳು ಆ ಸಂಗ್ರಹಾಲಯದ ದಾಖಲೆಯನ್ನು ಫೋನಿನಲ್ಲಿ ತೋರಿಸಿದಳು. ಹಾಳೆಗೆ ಅಂಟಿಸಿದ ಗಿಡ, ಅವನ ಹೆಸರು, ನಮ್ಮೂರ ಹೆಸರು. ಕೆಳಗೆ, 'ಒಣ ಬಂಡೆಯ ಸೀಳುಗಳಲ್ಲಿ, ಇಲ್ಲಿ ಹೇರಳ.' ಹೇರಳವಂತೆ. ಥೂ, ಎಲ್ಲವನ್ನೂ ಬಾಚಿಕೊಂಡು ಹೋಗಿ ಬರೆದ ಮಾತು ಅದು.

"ಅಜ್ಜಿ, ಬುಡದಲ್ಲಿ ಏನೋ ದಾರ ಇದೆ. ಏನು ಅಂತ ಬರೆದೇ ಇಲ್ಲ ನೋಡಿ" ಎಂದು ಚಿತ್ರವನ್ನು ದೊಡ್ಡದು ಮಾಡಿದಳು.

ಬಣ್ಣ ಹೋಗಿತ್ತು. ಮೂರು ಸುತ್ತಿತ್ತು. ಗಂಟು ಸಡಿಲವಾಗಿರಲಿಲ್ಲ.